ಫೋಟೊದಲ್ಲಿ ಸೊಂಟ ಕಾಣಬೇಕು

ನಮ್ಮ ಮನೆಯಲ್ಲಿ ಬಟ್ಟೆಯಿಂದಾಗಿ ವಾರಕ್ಕೊಂದು ಪ್ರಸಂಗ ಗ್ಯಾರಂಟಿ. ಅಕ್ಕನಿಗೆ ಬಟ್ಟೆ ಮೈಗೆ ಹಿಡಿದಂತೆ ಕೂರಬೇಕು. ನನಗೆ ಗಾಳಿ ಆಡಬೇಕು. ಅಕ್ಕನ ಮದುವೆ ಗೊತ್ತಾದ ಮೇಲೆ ಈ ಜಗಳ ಜೋರಾಯಿತು. ನಿಶ್ಚಿತಾರ್ಥದ ಫೋಟೊ ನೋಡಿ ಗಂಡಿನ ದೊಡ್ಡಮ್ಮ, "ಹುಡುಗಿ ಲಕ್ಷಣವಾಗಿದಾಳೆ. ಸ್ವಲ್ಪ ದುಂಡಗೆ, ಅಷ್ಟೇ" ಅಂದಿದ್ದರು. ಅಂದಿನಿಂದ ಅಕ್ಕನದು ಒಂದೇ ಹಟ: ಮುಹೂರ್ತದ ಫೋಟೊದಲ್ಲಿ ಸೊಂಟ ಕಾಣಬೇಕು.

ಬಸ್ಸು

ನಾನು ಎಂ.ಎಸ್ಸಿ. ಮುಗಿಸಿ ನಮ್ಮ ವಿಜಯನಗರದಿಂದಾಚೆ ಉಲ್ಲಾಳದ ಹತ್ತಿರ ನೀರು ಪರೀಕ್ಷಿಸುವ ಲ್ಯಾಬಿನಲ್ಲಿದ್ದೇನೆ. ಒಂದು ಸಂಜೆ ಓವರ್‌ಸೈಜ್ ಕುರ್ತಾದಲ್ಲಿ ಬಸ್ಸಿನಲ್ಲಿ ನಿಂತಿದ್ದೆ. ಒಬ್ಬ ಆಂಟಿ ಎದ್ದು, "ಕೂತ್ಕೊಳಮ್ಮ, ಈ ಟೈಮಲ್ಲಿ ನಿಲ್ಲಬಾರದು" ಅಂದರು.

"ಹಾಗೇನಿಲ್ಲ ಆಂಟಿ, ಬಟ್ಟೆನೇ ಹೀಗಿದೆ."

ಅವರು ದನಿ ತಗ್ಗಿಸಿದರು. "ಮೂರು ತಿಂಗಳು ತುಂಬೋವರೆಗೂ ಯಾರಿಗೂ ಹೇಳಬಾರದು. ಸರಿಯಾಗೇ ಮಾಡ್ತಿದೀಯ."

ಕೂತೆ. ವಿಜಯನಗರದಲ್ಲಿ ಇಳಿಯುವಾಗ ಕಂಡಕ್ಟರ್ ಡ್ರೈವರ್‌ಗೆ ಕೂಗಿದ: "ತಡಿ ಗುರು, ಎರಡು ಜೀವ ಇಳೀತಿದೆ!"

ಅಪ್ಪನ ವಾಕಿಂಗ್

ಒಗೆದ ಬಟ್ಟೆಗಳ ಜೊತೆ ನನ್ನ ಬ್ಯಾಗಿ ಪ್ಯಾಂಟ್ ಅಪ್ಪನ ಬೀರುವಿಗೆ ಹೋಗಿತ್ತು. ಅಪ್ಪ ಅದನ್ನೇ ಹಾಕಿಕೊಂಡು ಪಾರ್ಕ್ ಸುತ್ತಿ ಬಂದರು.

"ಅಪ್ಪಾ, ಅದು ನನ್ನ ಪ್ಯಾಂಟು!"

ಕೆಳಗೆ ನೋಡಿಕೊಂಡರು, ನಾಚಲಿಲ್ಲ. "ಎಷ್ಟು ಆರಾಮಾಗಿದೆ ಗೊತ್ತಾ? ಪಾರ್ಕಲ್ಲಿ ಎಲ್ಲರೂ ಯಾವ ಅಂಗಡಿ ಅಂತ ಕೇಳಿದ್ರು."

ಅಕ್ಕ ಬಿದ್ದು ಬಿದ್ದು ನಕ್ಕಳು. "ಥೂ, ನಿನ್ನ ಫ್ಯಾಷನ್ನು ರಿಟೈರ್ ಆದವರಿಗೇ ಸರಿ ಕಣೇ!"

ಮರುದಿನ ಪ್ಯಾಂಟ್ ವಾಪಸ್ ಕೇಳಿದೆ. "ಇಸ್ತ್ರಿಗೆ ಕೊಟ್ಟಿದೀನಿ, ನಾಳೆ ಹಾಕ್ಕೋಬೇಕು" ಅಂದರು ಅಪ್ಪ.

ಟೈಲರ್ ಅಂಗಡಿ

ಅಕ್ಕನ ಮದುವೆ ಬ್ಲೌಸಿನ ಟ್ರಯಲ್. "ಇನ್ನೂ ಸ್ವಲ್ಪ ಹಿಡೀರಿ ಅಂಕಲ್" ಎಂದು ಅವಳು ಹೇಳುತ್ತಲೇ ಇದ್ದಳು. ಕೊನೆಗೆ ಟೈಲರ್ ಅಂಕಲ್ ಪಿನ್ನುಗಳನ್ನು ಕೆಳಗಿಟ್ಟರು.

"ಉಸಿರಾಡಬೇಕಾ, ಫೋಟೊ ಚೆನ್ನಾಗಿ ಬರಬೇಕಾ? ಯಾವುದಾದ್ರೂ ಒಂದು ಹೇಳಮ್ಮ."

"ಫೋಟೊ," ಅಂದಳು ಅಕ್ಕ, ಉಸಿರು ಬಿಗಿಹಿಡಿದು.

ನಾನು ಮೆಲ್ಲಗೆ, "ನನ್ನದು ಮಾತ್ರ ಎಲ್ಲಾ ಕಡೆ ಸಡಿಲ ಇರಲಿ ಅಂಕಲ್" ಅಂದೆ.

ಅವರು ನನ್ನನ್ನು ಕನಿಕರದಿಂದ ನೋಡಿದರು. "ಅದಕ್ಕೆ ಟೈಲರ್ ಯಾಕಮ್ಮ?"

ಮುಹೂರ್ತ

ರಾಜಾಜಿನಗರದ ಕಲ್ಯಾಣ ಮಂಟಪ. ಅಕ್ಕ ನಿಜವಾಗಿಯೂ ಚೆನ್ನಾಗಿ ಕಾಣುತ್ತಿದ್ದಳು. ಅವಳ ಸೊಂಟವನ್ನು ನಾನೂ ಮೊದಲ ಸಲ ನೋಡಿದೆ. ಗಟ್ಟಿಮೇಳದ ನಡುವೆ ಅಂತರಪಟ ಸರಿಯಿತು. ಭಾವ ಅಕ್ಕನ ತಲೆಯ ಮೇಲೆ ಜೀರಿಗೆ ಬೆಲ್ಲ ಇಟ್ಟರು. ಈಗ ಅವಳ ಸರದಿ. ಅವಳ ಕೈ ಎದೆಮಟ್ಟಕ್ಕೆ ಬಂದು ನಿಂತಿತು. ಕಂಕುಳ ಹತ್ತಿರ ಬ್ಲೌಸು ಅಷ್ಟು ಬಿಗಿ.

"ಕೈ ಎತ್ತಮ್ಮ, ಮುಹೂರ್ತ ಮೀರುತ್ತೆ," ಅಂದರು ಪುರೋಹಿತರು.

"ಎತ್ತೇ!" ಅಂದರು ಅಮ್ಮ.

ಅಕ್ಕ ತುಟಿ ಅಲ್ಲಾಡಿಸದೆ, "ಎತ್ತಿದ್ರೆ ಹೊಲಿಗೆ ಬಿಡುತ್ತಮ್ಮ" ಅಂದಳು. ಅವಳ ಕಣ್ಣಲ್ಲಿ ನೀರು.

ಎದುರಿಗಿದ್ದ ಭಾವನಿಗೆ ಕೇಳಿಸಿತು. ಆರಡಿ ಎತ್ತರದ ಮನುಷ್ಯ ಪೇಟದ ಸಮೇತ ಬಗ್ಗಿದರು.

"ಇಷ್ಟು ಸಾಕಾ?"

"ಇನ್ನೂ ಸ್ವಲ್ಪ."

ಇನ್ನೂ ಬಗ್ಗಿದರು. ಜೀರಿಗೆ ಬೆಲ್ಲ ಪೇಟದ ಮೇಲೆ ಬಿತ್ತು. ಓಲಗ ಜೋರಾಯಿತು. ನನ್ನ ಪಕ್ಕದಲ್ಲಿ ಅದೇ ದೊಡ್ಡಮ್ಮ, "ದೇವರ ಮುಂದೂ ಇವನು ಇಷ್ಟು ಬಗ್ಗಿದ್ದು ಕಾಣೆ" ಎಂದು ಅಕ್ಷತೆ ಎಸೆದರು.

ಆಲ್ಬಮ್ ಬಂದ ದಿನ ಎಲ್ಲರೂ ನಮ್ಮ ಮನೆಯ ಹಾಲ್‌ನಲ್ಲಿ ಕೂತಿದ್ದೆವು. ಅಕ್ಕ ನೇರವಾಗಿ ಮುಹೂರ್ತದ ಪುಟ ತೆಗೆದಳು. ಫೋಟೊಗ್ರಾಫರ್ ಭಾವನ ಹಿಂದೆ ನಿಂತು ತೆಗೆದ ಫೋಟೊ. ಮೇಲೆ ಅಕ್ಕನ ಮುಖ. ಅದರ ಕೆಳಗೆ ದೊಡ್ಡದೊಂದು ಪೇಟ. ಅದರ ಕೆಳಗೆ ಭಾವನ ಬೆನ್ನು.

"ಸೊಂಟ ಎಲ್ರೀ?" ಅಕ್ಕನ ದನಿ ಅಳುವಿನಂಚಿಗೆ ಬಂದಿತ್ತು.

ಭಾವ ಕಾಫಿ ಲೋಟ ಕೆಳಗಿಟ್ಟರು. "ಬಗ್ಗಿದಾಗ ನನ್ನ ಕಣ್ಣೆದುರಿಗೇ ಇತ್ತಲ್ಲ. ಚೆನ್ನಾಗಿ ನೋಡಿದೀನಿ, ಬಿಡು."

ಅಮ್ಮ ಅಡುಗೆಮನೆಗೆ ಎದ್ದುಹೋದರು. ಅಪ್ಪ ನಿನ್ನೆಯ ಪೇಪರ್ ಎತ್ತಿ ಮುಖಕ್ಕೆ ಅಡ್ಡ ಹಿಡಿದರು.