ಕಬ್ಬಿನ ಟ್ರಾಲಿಯವನ ಕೈಗೆ ಸಿಕ್ಕ ದೋಣಿ

ನನ್ನಂಥ ಸಂಶಯದ ಮನುಷ್ಯಾಗ ದೇವರು ಹುಡುಕಿ ಹುಡುಕಿ ಇಂಥಾ ಕೆಲಸಾನೇ ಕಳಸ್ತಾನ. ಬೀದರದಾಗ ನಂದೊಂದು ವೆಲ್ಡಿಂಗ್ ಅಂಗಡಿ ಅದ. ಕಬ್ಬಿನ ಟ್ರಾಲಿ, ಗೇಟು, ಕಿಡಕಿ, ನೀರಿನ ಟಾಕಿ ಮಾಡ್ಕೋತನೇ ತಲಿ ಬೆಳ್ಳಗಾಗ್ಯದ. ಗಿರಾಕಿ ಬಂದು "ಅರ್ಜೆಂಟ್ ಅದ್ರಿ" ಅಂದ್ರ ನನಗ ಸಂಶಯ. "ಅರ್ಜೆಂಟ್ ಏನಿಲ್ರಿ, ನಿಧಾನ ಮಾಡ್ರಿ" ಅಂದ್ರ ಇನ್ನಾ ಸಂಶಯ. ನನ್ನ ಹೆಂಡ್ತಿ ಅಂತಾಳ, "ಚಾದಾಗ ಒಂದು ಚಮಚಾ ಸಕ್ರಿ ಜಾಸ್ತಿ ಬಿದ್ರ ಸೈತ ಕಪ್ ಕೆಳಗಿಟ್ಟು ನನ್ನ ಮಾರಿ ನೋಡ್ತೀರಿ." ಖರೇನೇ ಅದ. ಆದ್ರ ಹೋದ ವರ್ಷ ನನಗಿಂತ ಮ್ಯಾಲಿನವ ಒಬ್ಬ ಗಂಟು ಬಿದ್ದ. ಬರೋವಾಗ ಸಂಗಾಟ ಒಂದು ದೋಣಿ ತಂದಿದ್ದ.

೧. ಸುಣ್ಣದ ಚುಕ್ಕಿ

ಒಂದು ಗುರುವಾರ ಮುಂಜಾನಿ ಅಂಗಡಿ ತೆಗಿಲಾಕ ಹೋದ್ರ ಬಾಗಲಾ ಮುಂದ ಒಂದು ಟ್ರೇಲರ್, ಅದರ ಮ್ಯಾಲ ಸಣ್ಣ ಅಲ್ಯುಮಿನಿಯಂ ದೋಣಿ. ಬೀದರದಾಗ ದೋಣಿ! ನಮ್ಮ ಓಣ್ಯಾಗ ನಳದ ನೀರು ನೋಡೋದೇ ಹಬ್ಬ ಇದ್ದಂಗ. ನನ್ನ ತಲ್ಯಾಗ ಮದಲು ಬಂದದ್ದು ಒಂದೇ, ಇದು ಕಳವಿನ ಮಾಲು.

ಬಾಜೂಕ ಒಬ್ಬ ಕಾಕಾ ನಿಂತಿದ್ದ. ತಲಿಗಿ ರುಮಾಲು, ಕೈಯಾಗ ತಂಬಾಕಿನ ಡಬ್ಬಿ. ಭಾಲ್ಕಿ ತಾಲೂಕಿನವ, ಹಲಬರ್ಗಾ ಕಡೆಯವ, ಕಾರಂಜಾ ಡ್ಯಾಮಿನ ಹಿನ್ನೀರಾಗ ಮೀನ ಹಿಡಿಯಾವ.

"ಯಾರ ದೋಣಿರಿ ಇದು?" ಅಂದೆ.

"ನಂದೇ."

"ಕಾಗದ ಏನರ ಅವ?"

"ನೀರಾಗ ಓಡಾಡೋದಕ್ಕ ಕಾಗದ ಯಾಕ್ರಿ ಉಸ್ತಾದ್ರ? ತೊಯ್ದು ಹೋಗ್ತಾವ."

ದೋಣಿ ಒಂದು ಕಡೆ ತಗೊಂಡಿದ್ದ, ಟ್ರೇಲರ್ ಇನ್ನೊಂದು ಕಡೆ. ಟ್ರೇಲರ್ ದೊಡ್ಡ ದೋಣಿಗಿ ಮಾಡಿದ್ದು. ಅದರ ಮ್ಯಾಲ ಈ ದೋಣಿ ಅಪ್ಪನ ಚಪ್ಪಲ್ಯಾಗ ಕೂಸು ಕಾಲಿಟ್ಟಂಗ ಅತ್ತಾಗ ಇತ್ತಾಗ ಜಾರ್ತಿತ್ತು. ದೋಣಿ ಕುಂಡ್ರೋ ಎರಡು ಉದ್ದನ್ನ ಕಟ್ಟಗಿ ಪಟ್ಟಿ ಹತ್ತಿರ ತರಬೇಕು. ಮುಂದಿನ ಕಂಬ, ಅದರಾಗಿನ ಹಗ್ಗ ಸುತ್ತೋ ರಾಟಿ ಸಮೇತ ಹಿಂದ ಸರಸಬೇಕು. ಭಾರ ಸಮ ಕುಂಡ್ರೋ ಹಂಗ ಗಾಲಿ ಎಕ್ಸಲ್ ಹೊಂದಿಸಬೇಕು. ಅದೂ ಸೋಮವಾರದೊಳಗ.

"ಸೋಮವಾರಾನೇ ಯಾಕ?" ಅಂದೆ, ಸಂಶಯದಿಂದ.

"ಸೋಮವಾರ ಹೊತ್ತು ಮುಳುಗೋದ್ರಾಗ ದೋಣಿ ನೀರಿಗಿಳದು, ಏನರ ಹಿಡಕೊಂಡು ದಂಡಿಗಿ ಬರಬೇಕ್ರಿ. ಅದು ಬೋಣಿ. ಬೋಣಿ ಆಗ್ಲಿಲ್ಲಂದ್ರ ಮೀನಗಾರರ ಸಂಘದಾಗ ನನ್ನ ಜಾಗಾ ನನ್ನ ಸಡ್ಡಕಗ ಹೋಗ್ತದ." ಸಡ್ಡಕ ಅಂದ್ರ ಅವನ ಹೆಂಡ್ತಿ ತಂಗಿ ಗಂಡ. "ಇಷ್ಟು ವರ್ಷ ಮಂದಿ ದೋಣ್ಯಾಗ ಕುಂತು ಜಾಳಿಗಿ ಎಳದೇನ್ರಿ. ಈಗ ನನ್ನ ಸ್ವಂತದ್ದು ಅಂತ ಒಂದು ಆಗ್ಯದ." ಹೇಳ್ಕೋತನೇ ಕಾಕಾ ದೋಣಿ ಮೈ ಸವರಿದ. ನನಗ ಕರಳು ಚುರ್ರ್ ಅಂತು.

ಅಷ್ಟರಾಗ ಕಾಕಾ ಕೇಳ್ದ, "ನೀವು ಕಬ್ಬಿನ ಟ್ರಾಲಿ ಮಾಡವ್ರಲ್ಲೇನು? ಇದು ಬರ್ತದೇನ್ರಿ ನಿಮಗ?" ಕರಳು ಮತ್ತ ಜಾಗಾಕ್ಕ ಬಂತು.

ನಾ ಕೆಲಸ ಶುರು ಮಾಡ್ದೆ, ಕಾಕಾ ಕಾವಲು ಶುರು ಮಾಡ್ದ. ಮಿಸ್ತ್ರಿಗಳು ಹೊಸಾ ಸಾಮಾನ ತಕ್ಕೊಂಡು ಹಳೇದು ಜೋಡಸ್ತಾರಂತ ಯಾರೋ ಅವನ ಕಿವಿ ತುಂಬಿದ್ರು. ತಂಬಾಕಿನ ಡಬ್ಬ್ಯಾಗಿನ ಸುಣ್ಣ ಬೆರಳಿಗಿ ಹಚ್ಚಿಕೊಂಡು ಗಾಲಿಗೊಂದು ಚುಕ್ಕಿ, ರಾಟಿಗೊಂದು ಚುಕ್ಕಿ, ನಟ್ಟು ಬೋಲ್ಟಿಗಿ ಒಂದೊಂದು ಚುಕ್ಕಿ ಇಟ್ಟ. ಸುಮ್ಮ ಕುಂತು ಬ್ಯಾಸರಾದಾಗೆಲ್ಲ ಕೈಗಿ ಸಿಕ್ಕಿದ್ದಕ್ಕ ಒಂದು ಚುಕ್ಕಿ. ಶನಿವಾರ ಸಂಜಿಕಿ ನೋಡಿದ್ರ ದೋಣ್ಯಾಗ ನನ್ನ ಸುತ್ತಿಗಿ, ನಾ ಕುಂಡ್ರೋ ಸ್ಟೂಲು, ನನ್ನ ಚಾದ ಕಿಟ್ಲಿ.

"ಕಾಕಾ, ಇವೆಲ್ಲ ನನ್ನವು!"

"ಚುಕ್ಕಿ ಅದಲ್ರಿ."

ನಾ ಗಾಬರಿಯಾಗಿ ಅಂಗಡಿ ಗ್ವಾಡಿ ನೋಡಿದೆ. ನಸೀಬ ಛಲೋ, ಗ್ವಾಡಿ ಮದಲೇ ಬಿಳೇದಿತ್ತು.

೨. ನೀರು ಬಿಟ್ಟಾರ

ನಡುವ ಶುಕ್ರವಾರ ಒಂದು ಕಥಿ ನಡೀತು. ದೋಣಿ ಹಿಂಭಾಗದಾಗ, ತಳದ ಹತ್ತಿರ, ನನಗೊಂದು ತೂತು ಕಂಡ್ತು. ಅದಕ್ಕೊಂದು ಬಿರಡಿ ಬಡದಿತ್ತು.

"ಕಾಕಾ, ನಿಮಗ ಟೋಪಿ ಹಾಕ್ಯಾರ. ತೂತು ಬಿದ್ದ ದೋಣಿ ಕೊಟ್ಟಾರ."

"ತೂತಲ್ರಿ ಅದು. ಮಳಿ ನೀರು ನಿಂತ್ರ ದಂಡಿ ಮ್ಯಾಲ ಬಿರಡಿ ತೆಗದು ಬಿಡೋದು."

ಬೇಕಂತಲೇ ತೂತು ಇಟ್ಟು ದೋಣಿ ಮಾಡವ ಯಾವ ಶಾಣ್ಯಾ? ನನಗ ನಂಬಿಕಿ ಬರ್ಲಿಲ್ಲ. ನೀರು ತುಂಬಿ ನೋಡದೇ ನಾ ಒಂದು ಟಾಕಿ ಸೈತ ಗಿರಾಕಿ ಕೈಗಿ ಕೊಟ್ಟವನಲ್ಲ. ದೋಣಿನೂ ಲೋಹದ್ದು, ಟಾಕಿನೂ ಲೋಹದ್ದು. ಒಳಗಿನ ನೀರು ಹೊರಗ ಬಂದ್ರ ಹೊರಗಿನ ನೀರು ಒಳಗ ಹೋಗೇ ಹೋಗ್ತದ. ಬೋರಿನ ಪೈಪು ದೋಣ್ಯಾಗ ಬಿಟ್ಟೆ.

ಅರ್ಧ ತುಂಬೋದ್ರಾಗ ಓಣ್ಯಾಗ ಸುದ್ದಿ ಹಬ್ಬಿತು, ವೆಲ್ಡಿಂಗ್ ಅಂಗಡಿ ಮುಂದ ನೀರು ಬಿಟ್ಟಾರ! ಒಬ್ಬಾಕಿ ಕೊಡ ಹಿಡಕೊಂಡು ಬಂದ್ಲು, ಆಕಿ ಹಿಂದ ಹತ್ತು ಮಂದಿ. ಪಾಳಿ ಹಚ್ಚಿದ್ರು, ಪಾಳಿ ಸಂಬಂಧ ಜಗಳಾನೂ ಶುರು ಆಯ್ತು. ಎದುರಿನ ಮನಿ ರಿಟೈರ್ಡ್ ಗುಮಾಸ್ತರು ಚಷ್ಮಾ ಏರಿಸಿ ಬಂದು, "ಯಾರ ಪರವಾನಗಿ ತಗೊಂಡು ಓಣ್ಯಾಗ ಟಾಕಿ ಕುಂಡ್ರಸೀರಿ? ಪೈಪ್ ಎಲ್ಲಿಂದ ಕಡದೀರಿ?" ಅಂದ್ರು.

"ಟಾಕಿ ಅಲ್ರಿ ಸಾಹೇಬ್ರ, ದೋಣಿ."

"ನನಗ ಹುಚ್ಚ ಮಾಡಬ್ಯಾಡ್ರಿ. ನೀರು ದೋಣಿ ಕೆಳಗ ಇರ್ತದ. ಇಲ್ಲಿ ದೋಣ್ಯಾಗ ಅದ."

ಅವರಿಗಿ ಜವಾಬು ಕೊಡೋದ್ರಾಗ ಟ್ರೇಲರಿನ ಮೂತಿ ಸಾವಕಾಶ ಮ್ಯಾಲ ಏಳಲಾಕತ್ತು. ನಾ ಎಕ್ಸಲ್ ಮುಂದ ಹೊಂದಿಸಿದ್ದೆ, ಭಾರ ಪೂರಾ ಹಿಂದ ಬಿದ್ದಿತ್ತು. ಕಾಕಾ ಹಿಂದ ಕುಂತು ತೂತಿನ ಕೆಳಗ ಅಂಗೈ ಹಿಡದು ಹನಿ ಬೀಳ್ತದೇನಂತ ನೋಡ್ಲಾಕತ್ತಿದ್ದ. ಹನಿ ಬೀಳ್ಲಿಲ್ಲ. ದೋಣ್ಯಾಗಿನ ನೀರೆಲ್ಲ ಒಮ್ಮೆಲೇ ಅವನ ತಲಿ ಮ್ಯಾಲ ಬಿತ್ತು.

ತೊಯ್ದ ರುಮಾಲು ಹಿಂಡ್ಕೋತ ಕಾಕಾ ಬಯ್ಯಾವ, ನಾ ಎಕ್ಸಲ್ ಒಂದು ಗೇಣು ಹಿಂದ ಸರಸಬೇಕಂತ ಸೀಮೆಸುಣ್ಣದ ಗೆರಿ ಹೊಡಿಯಾವ. ಆಗ ಖಾಲಿ ಕೊಡ ಹಿಡದ ಒಬ್ಬಾಕಿ ಮುಂದ ಬಂದು ಭಾಳ ಮರ್ಯಾದಿಲೇ ಕೇಳಿದ್ಲು, "ಅಣ್ಣಾರ, ನಾಳಿ ಎಷ್ಟು ಗಂಟೆಕ್ಕ ಬಿಡ್ತೀರಿ?"

೩. ಗಿರಣಿ ಪಟ್ಟಾ

ಕಟ್ಟಗಿ ಪಟ್ಟಿ ಮ್ಯಾಲ ಬರೇ ದೋಣಿ ಇಟ್ರ ತಳ ತಿಕ್ಕಿ ಸವದು ಹೋಗ್ತದ. ರಬ್ಬರ್ ಸುತ್ತಬೇಕು. ಔರಾದದಾಗ ಒಂದು ಹಿಟ್ಟಿನ ಗಿರಣ್ಯಾಗ ಹಳೇ ಪಟ್ಟಾ ಬಿದ್ದದಂತ ಯಾರೋ ಹೇಳಿದ್ರು. ಇಂಜಿನ್ನಿಗೂ ಬೀಸೋ ಕಲ್ಲಿಗೂ ಸುತ್ತೋ ಅಗಲ ರಬ್ಬರಿನ ಪಟ್ಟಾ, ಅದಕ್ಕಿಂತ ಛಲೋದು ಸಿಗಂಗಿಲ್ಲ. ರವಿವಾರ ನನ್ನ ಜೀಪ್ ತಗೊಂಡು ಹೋದೆ.

ಗಿರಣಿ ಸಾಹುಕಾರರು ಮೀಸಿತನಕ ಹಿಟ್ಟು ಬಡಕೊಂಡು ಕುಂತಿದ್ರು.

"ಹಳೇ ಪಟ್ಟಾ ನಿಮಗ ಯಾಕ ಬೇಕು?"

"ದೋಣಿಗಿ ಸುತ್ತಲಾಕ್ರಿ."

ಅವರು ಗಿರಣಿ ಬಂದ್ ಮಾಡಿದ್ರು. ಒಳಗ ಗೋಧಿ ಬೀಸಲಾಕ ಕುಂತ ಮಂದಿನೂ ನನ್ನ ಕಡೆ ತಿರುಗಿದ್ರು.

"ಎಲ್ಲಿ ದೋಣಿ?"

"ಬೀದರದಾಗ, ನನ್ನ ಅಂಗಡಿ ಮುಂದ."

"ಅಂಗಡಿ ಮುಂದ ನದಿ ಹರೀತದೇನು?"

"ಇಲ್ರಿ, ಗಟಾರ ಅದ."

ಸಾಹುಕಾರರು ನನ್ನ ಮೂಗಿನ ಹತ್ತಿರ ಮೂಗು ತಂದು ವಾಸನಿ ನೋಡಿದ್ರು. ಕುಡದಿಲ್ಲ ಅಂತ ಖಾತ್ರಿ ಆದಮ್ಯಾಲ ಸಂಶಯ ಇನ್ನಾ ಜಾಸ್ತಿ ಆಯ್ತು. "ಯಾವ ಊರು? ಯಾರ ಪೈಕಿ? ಖರೇ ಹೇಳ್ರಿ, ನಮ್ಮ ಪಟ್ಟಾದ ಅಳತಿ ನೋಡ್ಕೊಂಡು ಬಾ ಅಂತ ಯಾರು ಕಳಸ್ಯಾರ?" ಅರ್ಧ ತಾಸು ಎಲ್ಲಾ ದೇವರ ಆಣಿ ಮಾಡಿದೆ. ಉಪಯೋಗ ಆಗ್ಲಿಲ್ಲ. ಕಡೀಕ ಸಾಕಾಗಿ ಕೈ ಮುಗದು ಸುಳ್ಳು ಹೇಳಿದೆ, "ತಪ್ಪಾಯ್ತ್ರಿ. ಭಾಲ್ಕ್ಯಾಗ ನಂದೇ ಒಂದು ಗಿರಣಿ ಹಾಕ್ಲಾಕತ್ತೇನಿ."

ಸಾಹುಕಾರರ ಮಾರಿ ಅರಳ್ತು. ಎದ್ದು ಬಂದು ಬೆನ್ನು ಚಪ್ಪರಿಸಿ, ಪಟ್ಟಾ ತಾವೇ ಜೀಪಿನ್ಯಾಗ ಹಾಕಿ, ಚಾನೂ ಕುಡಸಿದ್ರು. "ಮದಲೇ ಹೇಳಬಾರದೇನು ಮಾರಾಯಾ? ಮನುಷ್ಯಾ ಖರೇ ಮಾತಾಡಬೇಕು ನೋಡು."

೪. ತಾಡಪತ್ರಿ

ಸೋಮವಾರ ಮಧ್ಯಾಹ್ನ ಜೀಪಿಗಿ ಟ್ರೇಲರ್ ಸಿಗಿಸಿ ಹೊಂಟೆವು. ದೋಣಿ ತೊಟ್ಟಲಾಗಿನ ಕೂಸಿನಂಗ ಅಳ್ಳಾಡದೇ ಕುಂತಿತ್ತು. ದೃಷ್ಟಿ ತಾಗ್ತದಂತ ಕಾಕಾ ಅದರ ಮ್ಯಾಲ ತಾಡಪತ್ರಿ ಬಿಗದಿದ್ದ. ಭಾಲ್ಕಿ ರಸ್ತೆದಾಗ ಒಬ್ಬ ಪೊಲೀಸಪ್ಪ ಕೈ ಅಡ್ಡ ಹಿಡದ.

"ಒಳಗ ಏನದ?"

ನೀರು ಮುಟ್ಟೋ ತನಕ ದೋಣಿ ಹೆಸರು ಹೇಳಬಾರದಂತ ಕಾಕಾನ ನೇಮ. "ಏನಿಲ್ರಿ" ಅಂದ.

"ದೋಣಿರಿ" ಅಂದೆ ನಾ.

ಇಬ್ಬರದು ಎರಡು ಮಾತಾದಮ್ಯಾಲ ಕೇಳಬೇಕೇನು? ತಾಡಪತ್ರಿ ಬಿಚ್ಚಿಸಿದ, ದೋಣ್ಯಾಗ ಇಳದ, ಬಡದು ನೋಡಿದ, ಬೊಗ್ಗಿ ನೋಡಿದ. ಒಂದು ತಾಸಿನ ಮ್ಯಾಲಾಯ್ತು. ಕಾಕಾ ಹೊತ್ತು ನೋಡ್ತಾನ, ಪೊಲೀಸಪ್ಪನ ಮಾರಿ ನೋಡ್ತಾನ, ಅಳೋದೊಂದು ಬಾಕಿ. ಕಡೀಕ ಪೊಲೀಸಪ್ಪ ತನ್ನ ಸಾಹೇಬ್ರಿಗಿ ಫೋನ್ ಹಚ್ಚಿದ.

"ಸಾರ್, ಒಂದು ದೋಣಿ ಹಿಡದೇನಿ... ನೀರಾಗ ಅಲ್ರಿ, ಡಾಂಬರ್ ರೋಡಿನ ಮ್ಯಾಲ... ಹೌದ್ರಿ ಸಾರ್, ನಾನೇ ಅದ್ರಾಗ ನಿಂತೇನಿ."

ಅತ್ತಲಿಂದ ಸಾಹೇಬ್ರು ಒದರಿದ್ದು ನಮಗೂ ಕೇಳಸ್ತು, "ಡ್ಯೂಟಿ ಮ್ಯಾಲ ಕುಡದೀಯೇನೋ?"

೫. ಬೋಣಿ

ಕಾರಂಜಾ ದಂಡಿಗಿ ಮುಟ್ಟೋದ್ರಾಗ ಹೊತ್ತು ಮುಳುಗಲಾಕ ಎರಡು ಗೇಣು ಉಳದಿತ್ತು. ಸಂಘದ ಮಂದಿ ಎಲ್ಲಾ ಕೂಡಿದ್ರು. ಲೆಕ್ಕದ ಬುಕ್ ಹಿಡದ ಸಂಘದ ಹಿರಿಯ ಮುತ್ಯಾ ಒಂದು ಕಡೆ, ಮೀಸ್ಯಾಗ ನಗ್ಲಾಕತ್ತ ಸಡ್ಡಕ ಇನ್ನೊಂದು ಕಡೆ. "ಬಂತ್ರೆಪ್ಪ ಕಬ್ಬಿನ ಟ್ರಾಲಿ" ಅಂದ ಸಡ್ಡಕ. ನನಗ ಮೈಯೆಲ್ಲ ಉರೀತು.

ಕಾಕಾ ದೋಣ್ಯಾಗ ಹತ್ತಿ ಕುಂತ. ನಾ ಜೀಪ್ ರಿವರ್ಸ್ ಹೊಡದೆ. ಹಿಂದ ಮಂದಿ ಎಲ್ಲಾ ಒಂದೇ ಉಸರಿಗಿ, "ಬರ್ಲಿ, ಬರ್ಲಿ, ಇನ್ನಾ ಬರ್ಲಿ!" ಟ್ರೇಲರ್ ನೀರಾಗ ಇಳೀತು. ದೋಣಿ ಪಟ್ಟಾದ ಮ್ಯಾಲಿಂದ ಬೆಣ್ಣಿ ಜಾರಿದಂಗ ಜಾರಿ ತೇಲಿಕೊಂಡು ಹೋಯ್ತು. ಒಂದು ಕೆರಕಿಲ್ಲ, ಒಂದು ಹನಿ ಒಳಗ ಬರ್ಲಿಲ್ಲ. ಖರೇ ಹೇಳ್ತೇನಿ, ನನ್ನ ಕಣ್ಣಾಗ ನೀರು ಬಂತು. ಇಷ್ಟು ಟ್ರಾಲಿ ಮಾಡೇನಿ, ಯಾವದಕ್ಕೂ ಹಿಂಗ ಅನಿಸಿದ್ದಿಲ್ಲ.

ಕಾಕಾ ಹುಟ್ಟು ಹಾಕಿ ಮುಂದ ಹೋಗಿ ಜಾಳಿಗಿ ಬೀಸಿದ. ಖಾಲಿ. ಮತ್ತ ಬೀಸಿದ. ಮತ್ತ ಖಾಲಿ. ಹೊತ್ತು ಒಂದು ಗೇಣಿಗಿ ಬಂತು. ದಂಡಿ ಮ್ಯಾಲಿನ ಮಂದಿ ಉಸರು ಹಿಡದು ಅವನ ಕಡೆ ನೋಡ್ಲಾಕತ್ತಿದ್ರು, ಹಂಗಾಗಿ ನನ್ನ ಕಡೆ ಯಾರೂ ನೋಡ್ಲಿಲ್ಲ. ಟ್ರೇಲರ್ ಮ್ಯಾಲ ಎಳೀಲಾಕ ನಾ ಮುಂದಿನ ಗೇರ್ ಹಾಕಿದೆ. ಜೀಪ್ ಹಿಂದ ಹೋಯ್ತು. ಕರಿ ಮಣ್ಣಿನ ರಾಡ್ಯಾಗ ಗಾಲಿ ಗರಗರ ತಿರುಗ್ತಾವ, ಜೀಪ್ ಟ್ರೇಲರ್ ಸಮೇತ ಜಾರಿ ಜಾರಿ ನೀರಾಗ ಇಳೀತದ. ಸೀಟಿನ ಮ್ಯಾಲ ನೀರು ಬಂತು. ನನಗ ಈಸು ಬರಂಗಿಲ್ಲ. ಹೆಂಗೋ ಹತ್ತಿ ಜೀಪಿನ ಟಪ್ಪಿನ ಮ್ಯಾಲ ನಿಂತು ಒದರಿದೆ, "ಕಾಕಾ! ಮುಳುಗ್ಲಾಕತ್ತೇನಿ!"

ಕಾಕಾ ತಿರುಗಿ ನೋಡಿದ. ಜಾಳಿಗಿ ಕೈ ಬಿಡಲಿಲ್ಲ. ಕಣ್ಣು ಸಣ್ಣ ಮಾಡಿ ಕೇಳಿದ, "ಸಡ್ಡಕ ಏನು ಹೇಳಿಕೊಟ್ಟಾನ್ರಿ ನಿಮಗ?"

"ಯಾವ ಸಡ್ಡಕೋ ಮಾರಾಯಾ, ಸಾಯ್ಲಾಕತ್ತೇನಿ!"

"ನನ್ನ ಬೋಣಿ ತಪ್ಪಿಸೋ ಆಟ ಅಲ್ಲಲಾ? ಆಣಿ ಮಾಡ್ರಿ."

"ನನ್ನ ಹೆಂಡ್ತಿ ಆಣಿ!"

"ಮಕ್ಕಳದು?"

"ಮಕ್ಕಳದೂ! ಮೊಮ್ಮಕ್ಕಳದೂ! ಬಾರೋ!"

ಮೊಮ್ಮಕ್ಕಳ ಆಣಿ ಕೇಳಿ ಅವನಿಗಿ ನಂಬಿಕಿ ಬಂತು. ಹುಟ್ಟು ಹಾಕಿಕೊಂಡು ಬಂದ. ಅಷ್ಟರಾಗ ನಾ ಕಾಲು ಜಾರಿ ನೀರಾಗ ಬಿದ್ದೆ. ಕೈ ಹಿಡಿಯೋ ಹೊತ್ತೂ ಇಲ್ಲ. ಕಾಕಾ ಜಾಳಿಗಿ ಬೀಸಿದ, ಎಳದ, ದೋಣ್ಯಾಗ ಹಾಕ್ಕೊಂಡು ದಂಡಿಗಿ ತಂದು ಬಿಟ್ಟ. ನಾ ಜಾಳಿಗ್ಯಾಗ ಸಿಕ್ಕೊಂಡು ಕೈಕಾಲು ಬಡೀಲಾಕತ್ತಿದ್ದೆ. ಕಾಕಾ ತಲಿ ಮ್ಯಾಲ ಕೈ ಹೊತ್ತು ಕುಂತ. ಹೊತ್ತು ನೀರಿಗಿ ಮುಟ್ಟಿತ್ತು, ಇನ್ನೊಮ್ಮೆ ಹೋಗಿ ಬರೋ ಅಷ್ಟು ಟೈಮಿಲ್ಲ. ನನ್ನ ಜೀವ ಉಳಸ್ಲಾಕ ಹೋಗಿ ತನ್ನ ಜಾಗಾ ಕಳಕೊಂಡ ಅಂತ ನನಗ ಭಾಳ ಸಂಕಟ ಆಯ್ತು.

"ಬೋಣಿ ಆಗಿಲ್ಲ" ಅಂದ ಸಡ್ಡಕ. "ಮುತ್ಯಾ, ಜಾಗಾ ನನ್ನ ಹೆಸರಿಗಿ ಬರೀರಿ."

ಮುತ್ಯಾ ನನ್ನ ಹತ್ತಿರ ಬಂದು ಬೊಗ್ಗಿ ನೋಡಿದ. ಆಮ್ಯಾಲ ಸಡ್ಡಕಗ ಕೇಳಿದ, "ನೀರಾಗಿಂದ ತಂದಾನೋ ಇಲ್ಲೋ?"

"ತಂದಾನ."

"ಜಾಳಿಗ್ಯಾಗ ಅದಾನೋ ಇಲ್ಲೋ?"

"ಅದಾನ, ಆದ್ರ..."

"ಒದ್ದಾಡ್ಲಾಕತ್ತಾನೋ ಇಲ್ಲೋ?"

ಮುತ್ಯಾ ಬುಕ್ಕಿನ್ಯಾಗ ದೊಡ್ಡ ಅಕ್ಷರದಾಗ ಬರದ, "ಬೋಣಿ ಆಯ್ತು. ಒಂದು." ಮಂದಿ ಚಪ್ಪಾಳಿ ಹೊಡದ್ರು. ಕಾಕಾ ಎದ್ದು ಬಂದು ಜಾಳಿಗಿ ಮ್ಯಾಲಿಂದನೇ ನನ್ನ ಅಪ್ಪಿಕೊಂಡು ಸಣ್ಣ ಹುಡುಗನಂಗ ಅತ್ತ. ನಾನೂ ಅತ್ತೆ.

ಸಡ್ಡಕ ಸುಮ್ಮ ಇರೋ ಪೈಕಿ ಅಲ್ಲ. "ಆಯ್ತು. ಬೋಣಿ ಅಂದಮ್ಯಾಲ ಪದ್ಧತಿನೂ ಪೂರಾ ಆಗಬೇಕು. ಬೋಣಿಗಿ ಸಿಕ್ಕಿದ್ದು ಗಂಗವ್ವನ ನೀರಿಗಿ ಹೊಳ್ಳಿ ಬಿಡಬೇಕು. ಬಿಡ್ಲಿಲ್ಲಂದ್ರ ಬೋಣಿ ಲೆಕ್ಕಕ್ಕಿಲ್ಲ."

ಚಪ್ಪಾಳಿ ನಿಂತು ಹೋಯ್ತು. ಮಂದಿ ಎಲ್ಲಾ ನನ್ನ ಕಡೆ ನೋಡಿದ್ರು. ನಾ ಮುತ್ಯಾನ ಕಡೆ ನೋಡಿದೆ. ಮುತ್ಯಾ ಗಡ್ಡ ಕೆರಕೊಂಡು, "ಪದ್ಧತಿ ಹೌದಪ್ಪ" ಅಂದ. ಇನ್ನ ನನ್ನವ ಅಂತ ಉಳದವ ಕಾಕಾ ಒಬ್ಬನೇ. ಅವನ ಕಡೆ ತಿರುಗೋದ್ರಾಗ ಅವ ಆಗ್ಲೇ ನನ್ನ ಎರಡೂ ಕಾಲು ಗಟ್ಟಿ ಹಿಡಕೊಂಡಿದ್ದ.

"ಗಾಬರಿ ಆಗಬ್ಯಾಡ್ರಿ ಉಸ್ತಾದ್ರ" ಅಂದ. "ಒಂದೇ ಒಂದು ಸಲ ಮುಳುಗಿಸಿ ತಗೀತೇನಿ. ನನ್ನ ಮ್ಯಾಲ ಭರೋಸಾ ಇಡ್ರಿ."