ತವರಿಗೆ ಹೊರಟಾಗ ಮಾತ್ರ ಕೆಡುವ ಕಾರು

ಚಿಕ್ಕೋಡಿಯಿಂದ ಕಾಗವಾಡದ ತನಕ ಯಾವ ಹಳೆಯ ಕಾರನ್ನಾದರೂ ತಂದು ನನ್ನ ಮುಂದೆ ನಿಲ್ಲಿಸಿ, ಬಾನೆಟ್ ಎತ್ತದೆ, ಬರೀ ಸಪ್ಪಳ ಕೇಳಿ ಅದರ ರೋಗ ಹೇಳಿಬಿಡುತ್ತೇನೆ.

ಸುಳ್ಳು. ನನ್ನ ಸ್ವಂತ ಕಾರಿನ ಬಾನೆಟ್ ತೆರೆಯುವ ಹಿಡಿಕೆ ಎಲ್ಲಿದೆ ಎಂದು ತಿಳಿಯಲು ನನಗೆ ಎರಡು ವರ್ಷ ಹಿಡಿಯಿತು. ಆದರೆ ಈ ಚಹಾದಂಗಡಿಯಲ್ಲಿ ಕುಳಿತು ನಿಮಗೆ ಮುಂದೆ ಹೇಳುವುದರಲ್ಲಿ ಮುಕ್ಕಾಲು ಪಾಲು ಖರೆ. ಹಳೆಯ ಕಾರು, ಹತ್ತಿರದಲ್ಲೇ ತವರಿರುವ ಹೆಂಡತಿ, ಚೇಷ್ಟೆಯ ಗಂಡ, ಈ ಮೂರೂ ಒಂದೇ ಮನೆಯಲ್ಲಿ ಸೇರಿದರೆ ಇಂಥವು ಆಗದೆ ಮತ್ತೇನಾದೀತು?

೧. ಎರಡು ಸಲ ಸುಳ್ಳು, ಮೂರನೇ ಸಲ ಖರೆ

ನಮ್ಮದು ಚಿಕ್ಕೋಡಿಯಲ್ಲಿ ಕಿರಾಣಿ ಅಂಗಡಿ. ಹೆಂಡತಿಯ ತವರು ಕಾಗವಾಡ, ಮಾವನವರದು ದ್ರಾಕ್ಷಿ ತೋಟ. ಹೋದಾಗಲೆಲ್ಲ ಅವರು ನನ್ನನ್ನು ಬಿಸಿಲಲ್ಲಿ ಸಾಲು ಸಾಲು ನಡೆಸಿ, ಯಾವ ಬಳ್ಳಿಗೆ ಯಾವ ಔಷಧಿ ಹೊಡೆದೆ ಎಂದು ವಿವರಿಸುತ್ತಾರೆ. ಇದನ್ನು ತಪ್ಪಿಸಿಕೊಳ್ಳಲು ಎರಡು ಸಲ, ಹೊರಡುವ ಮುಂಚೆ ಬ್ಯಾಟರಿಯ ವೈರ್ ಬಿಚ್ಚಿಟ್ಟು, “ಗಾಡಿ ಚಾಲೂ ಆಗವಲ್ದು” ಎಂದು ಮೋರೆ ಸಣ್ಣ ಮಾಡಿದ್ದೆ. ಎರಡನೇ ಸಲ ಸಿಕ್ಕಿಬಿದ್ದೆ. ಒಗೆಯಲು ಹಾಕಿದ ಅಂಗಿಯ ಕಿಸೆಯಲ್ಲಿ, ನಟ್ಟು ಬಿಚ್ಚಿದ ಪಾನಾ ಹೆಂಡತಿಗೆ ಸಿಕ್ಕಿತು.

ಮೂರನೇ ಸಲ ನಾನು ಏನೂ ಮಾಡಿರಲಿಲ್ಲ. ಚಾವಿ ತಿರುವಿದೆ. ಟಕ್ ಅನ್ನುವ ಸಪ್ಪಳವೂ ಇಲ್ಲ.

“ಬಿಚ್ಚಿದ್ದನ್ನ ಹಚ್ಚರಿ,” ಎಂದಳು.

“ನಿನ್ನಾಣಿ, ಈ ಸಲ ಏನೂ ಬಿಚ್ಚಿಲ್ಲ.”

“ನನ್ನ ಆಣಿ ಯಾಕ? ನಿಮ್ಮ ಆಣಿ ಮಾಡ್ರಿ.”

“ಆತು, ನನ್ನಾಣಿ.”

“ಅದಕ್ಕೇನ ಕಿಮ್ಮತ್ತೈತಿ?”

ಅರ್ಧ ತಾಸು ಒದ್ದಾಡಿದೆ. ಆಕೆ ಸಿಟ್ಟಿನಿಂದ ಇಳಿದು, ಮನೆಯ ಕೀಲಿ ತೆಗೆದು ಒಳಗೆ ಹೋದಳು. ಕೊನೆಯ ಸಲ ಎಂದು ನಾನು ಚಾವಿ ತಿರುವಿದೆ. ಬುರ್ರ್ ಎಂದು ಎಂಜಿನ್ ಓಡತೊಡಗಿತು! ಕಿಟಕಿಯಿಂದ ದನಿ ಬಂತು: “ನಾ ಸೀರಿ ಬದಲಿ ಮಾಡೂತನಕ ಕಾಯ್ದು ಚಾಲೂ ಮಾಡಿದ್ರೇನು?”

ಮುಂದಿನ ಸಲವೂ ಹೀಗೇ. ಆಗ ಆಕೆ ಫರ್ಮಾನು ಹೊರಡಿಸಿದಳು. “ಬರೂ ತಿಂಗಳ ಕಾಗವಾಡದಾಗ ನನ್ನ ತಮ್ಮನ ಸಾಖರಪುಡಾ ಐತಿ. ನಿಶ್ಚಯದಾಗ ಹುಡುಗಿಗಿ ಉಡಿ ತುಂಬಾಕಿ ನಾನು. ಅವತ್ತು ನಿಂತ್ರ ಗಾಡಿ ಗುಜರಿಗಿ, ನೀವು ಹೊರಗ ಕಟ್ಟಿ ಮ್ಯಾಲ.”

“ಅವತ್ತೊಂದಿನ ಬಸ್ಸಿಗಿ ಹೋದ್ರಾತು.”

“ಹುಡುಗನ ಅಕ್ಕ, ಮನ್ಯಾಗ ಕಾರ್ ಇಟ್ಕೊಂಡು, ಬಸ್ಸಿನ್ಯಾಗ ನಿಂತ್ಕೊಂಡ ಬರಬೇಕೇನು?”

೨. ನಿಪ್ಪಾಣಿಯ ಮಿಸ್ತ್ರಿ

ನಿಪ್ಪಾಣಿಯಲ್ಲಿ ಒಬ್ಬ ಮಿಸ್ತ್ರಿ ಇದ್ದಾನೆ. ಅರ್ಧ ಮರಾಠಿ, ಅರ್ಧ ಕನ್ನಡ, ಪೂರ್ತಿ ಧೈರ್ಯ. ಒಬ್ಬನೇ ಕಾರು ಓಡಿಸಿಕೊಂಡು ಹೋದೆ. ಅವನು ಚಾವಿ ತಿರುವಿದ, ಚಾಲೂ. ಬಂದ್ ಮಾಡಿ ತಿರುವಿದ, ಚಾಲೂ. ಬಿಸಿಲಿಗೆ ನಿಲ್ಲಿಸಿ ತಿರುವಿದ, ನೆರಳಿಗೆ ನಿಲ್ಲಿಸಿ ತಿರುವಿದ. ನಲವತ್ತು ಸಲ ತಿರುವಿದ, ನಲವತ್ತು ಸಲವೂ ಚಾಲೂ. ಸರಿ, ಹತ್ತು ಸಲ ಅನ್ನಿ.

“ಅಹೋ ಸಾವ್ಕಾರ, ಗಾಡಿ ಏಕದಮ್ ಝಕಾಸ್ ಐತ್ರಿ.”

“ಹೆಂಡತಿ ತವರಿಗಿ ಹೊಂಟಾಗ ಮಾತ್ರ ಚಾಲೂ ಆಗೂದಿಲ್ಲ ಮಾರಾಯಾ.”

ಅವನು ಕೈ ಒರೆಸಿಕೊಂಡ. ನನ್ನನ್ನು ಬಾಜೂಕ್ಕೆ ಕರೆದು, ಮೆಲ್ಲಗೆ ಕೇಳಿದ: “ಮನ್ಯಾಗ ಎಲ್ಲಾ ಆರಾಮ ಐತಲ್ರಿ?”

೩. ಅಥಣಿಯಲ್ಲಿ ನಾನು ತೋರಿಸಿದ ಜಾಣತನ

ಅಥಣಿಯ ಎಲೆಕ್ಟ್ರಿಷಿಯನ್ ಕಡಕ್ ಮನುಷ್ಯ. “ಕೆಟ್ಟಿದ್ದು ಕಣ್ಣಿಗೆ ಕಾಣಬೇಕು. ಕಾಣದ್ದಕ್ಕ ನಾ ಕೈ ಹಚ್ಚೂದಿಲ್ಲ,” ಎಂದುಬಿಟ್ಟ. ಕಾರೋ, ಅವನ ಮುಂದೆ ಪರೀಕ್ಷೆ ಬರೆಯುವ ಶಾಣ್ಯಾ ಹುಡುಗನ ಹಾಗೆ ಪ್ರತಿ ಸಲ ಪಾಸು.

ಖರೆ ರೋಗ ತೋರಿಸಲು ಒಂದು ಸುಳ್ಳು ರೋಗ ತೋರಿಸಿದರೇನು ತಪ್ಪು? ಅವನು ಚಹಾಕ್ಕೆ ಹೋದಾಗ ಬ್ಯಾಟರಿಯ ವೈರ್ ಬಿಚ್ಚಿದೆ. ಅವನು ಬಂದ, ಚಾವಿ ತಿರುವಿದ, ಗಪ್ಪು. “ನೋಡಿದ್ರೇನು?” ಎಂದು ಕುಣಿದೆ. ಅವನು ಬಾನೆಟ್ ಎತ್ತಿ ಒಂದೇ ಕ್ಷಣದಲ್ಲಿ ವೈರ್ ಹಚ್ಚಿ, ಸಾಕ್ಷಾತ್ ವೈದ್ಯನ ಗತ್ತಿನಲ್ಲಿ ನನ್ನನ್ನು ನೋಡಿದ.

ಅಷ್ಟರಲ್ಲಿ, ಸೀಟಿನ ಮೇಲಿದ್ದ ನನ್ನ ಮೊಬೈಲಿಗೆ ಹೆಂಡತಿಯ ಫೋನ್. ಅವನೇ ಎತ್ತಿದ. “ಚಿಂತಿ ಮಾಡಬ್ಯಾಡ್ರಿ ವೈನಿ, ರೋಗ ಸಿಕ್ಕೈತಿ. ಯಾರೋ ಹಲ್ಕಟ್ ಬ್ಯಾಟರಿ ವೈರ್ ಬಿಚ್ಚಿದ್ದ ನೋಡ್ರಿ!”

ಆ ಕಡೆಯಿಂದ ಬಂದ ಉತ್ತರ ನನಗೂ ಕೇಳಿಸಿತು. “ಅವರು ನಿಮ್ಮ ಬಾಜೂಕನ ನಿಂತಾರೇನು ನೋಡ್ರಿ.”

೪. ದಿಕ್ಕು

ಬಾಜೂ ಮನೆಯಲ್ಲಿ ಒಬ್ಬರು ರಿಟೈರ್ಡ್ ಮಾಸ್ತರರು. ಅವರ ಪ್ರಕಾರ ಕಾರಿನದೇನೂ ತಪ್ಪಿಲ್ಲ, ದಿಕ್ಕಿನದು. “ಕಾಗವಾಡದ ಕಡೆ ಮಾರಿ ಮಾಡಿ ನಿಲ್ಲಸ್ತೀರಿ. ಅದಕ್ಕ ಆಗಿ ಬರೂದಿಲ್ಲ. ನಿಪ್ಪಾಣಿ ಕಡೆ ಮಾರಿ ತಿರುವ್ರಿ.”

ಮುಂದಿನ ಸಲ ತವರಿಗೆ ಹೊರಟಾಗ ಕಾರು ಮತ್ತೆ ನಿಂತಿತು. ಓಣಿಯ ನಾಲ್ಕು ಮಂದಿ ಸೇರಿ, ಹೆಂಡತಿಯನ್ನೂ ಒಳಗೇ ಕೂರಿಸಿಕೊಂಡು, ದೂಡಿ ನಿಪ್ಪಾಣಿ ಕಡೆ ತಿರುಗಿಸಿದೆವು. ಚಾವಿ ತಿರುವಿದೆ. ಇಲ್ಲ.

ಮಾಸ್ತರರು ಗಡ್ಡ ನೀವಿಕೊಂಡು ತೀರ್ಪು ಕೊಟ್ಟರು. “ಗೊತ್ತಾಗೇತಿ ಅದಕ್ಕ, ನಾವು ಮೋಸ ಮಾಡಾಕತ್ತೀವಿ ಅಂತ.”

೫. ಉಡಿ ತುಂಬುವ ದಿನ

ಸಾಖರಪುಡಾಕ್ಕೆ ಎರಡು ದಿನ ಉಳಿದಿತ್ತು. ಕೊನೆಗೆ ರಾಯಬಾಗದ ಒಬ್ಬ ಮುದುಕ ಮಿಸ್ತ್ರಿಯ ಹತ್ತಿರ ಹೋಗಿ, ಆದದ್ದನ್ನೆಲ್ಲ ಹೇಳಿದೆ. ಅವನು ಕಾರಿನ ಕಡೆ ನೋಡಲೂ ಇಲ್ಲ.

“ಇಲ್ಲಿ ತಂದ್ರ ಏನ್ ತಿಳಿತೈತ್ರಿ? ಅದು ಕೆಡೂದು ನಿಮ್ಮ ಮನಿ ಮುಂದ. ಅವತ್ತ ನಾನ ಬರ್ತೇನಿ. ಯಾವಾಗ್ಲೂ ಹೆಂಗ ಹೊರಡ್ತೀರಿ ಹಂಗ ಹೊರಡ್ರಿ, ನಾ ಸುಮ್ಮನ ಕುಂತ ನೋಡ್ತೇನಿ.”

ಹೇಳಿದಂತೆ ಅವತ್ತು ಬೆಳಿಗ್ಗೆ ಬಂದು, ನಮ್ಮ ಕಟ್ಟೆಯ ಮೇಲೆ ಕುಳಿತ. ಹೆಂಡತಿ ಜರತಾರಿ ಸೀರೆ ಉಟ್ಟು, ಉಡಿಯ ಸಾಮಾನಿನ ಬುಟ್ಟಿ ಕಾರಿನಲ್ಲಿಟ್ಟು, ಹಿತ್ತಲ ಬಾಗಿಲಿಗೆ, ತಲಬಾಗಿಲಿಗೆ ಕೀಲಿ ಹಾಕಿ ಬಂದಳು. ಕಾರಿನ ಚಾವಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಅದಕ್ಕೆ ತನ್ನ ಚಾವಿ ಗೊಂಚಲು ಸಿಗಿಸಿ, ಮರಳಿ ಕೊಟ್ಟಳು.

“ಇದೇನ್ರಿ ಅಕ್ಕಾರ?” ಎಂದ ಮಿಸ್ತ್ರಿ.

“ದಿನಾ ಟೊಂಕಕ್ಕ ಸಿಗಿಸ್ಕೊತೇನ್ರಿ. ಜರತಾರಿ ಸೀರಿಗಿ ಸಿಗಿಸಿದ್ರ ಎಳಿ ಹರಿತಾವು. ಅದಕ ತವರಿಗಿ ಹೋಗುವಾಗ ಗಾಡಿ ಚಾವಿಗಿ.”

ನಾನು ತಿರುವಿದೆ. ಗಪ್ಪು. ಹೆಂಡತಿಯ ಕಣ್ಣಲ್ಲಿ ನೀರು ಬಂತು. ಆಕೆ ಅತ್ತದ್ದನ್ನು ಆ ತನಕ ನಾನು ನೋಡಿರಲಿಲ್ಲ. ಮಿಸ್ತ್ರಿ ನಿಧಾನ ಎದ್ದು ಬಂದ, ಕಿಟಕಿಯಿಂದ ಕೈ ಹಾಕಿ, ತೂಗಾಡುವ ಗೊಂಚಲನ್ನು ಎರಡೇ ಬೆರಳಿನಿಂದ ಮೇಲೆತ್ತಿ ಹಿಡಿದ.

“ಈಗ ತಿರುವ್ರಿ.”

ಬುರ್ರ್! ಕೈ ಬಿಟ್ಟ. ಗಪ್ಪು. ಮತ್ತೆ ಎತ್ತಿದ, ಮತ್ತೆ ಬುರ್ರ್!

“ಚಾವಿ ಹಾಕೂ ತೂತ ಹಳೇದಾಗಿ ಸವದೈತ್ರಿ. ಈ ಭಾರ ಜಗ್ಗಿದ ಕೂಡ್ಲೆ ಒಳಗ ಕರೆಂಟ್ ಕಟ್ ಆಗತೈತಿ. ಗ್ಯಾರೇಜಿಗೆ ಸಾವ್ಕಾರ್ರು ಒಬ್ಬರ ಹೋಗ್ತಾರ, ಗೊಂಚಲ ಅಕ್ಕಾರ ಟೊಂಕದಾಗ. ಅಕ್ಕಾರು ಸಿಟ್ಟಿಲೆ ಗೊಂಚಲ ಬಿಚ್ಕೊಂಡ ಒಳಗ ಹೋದ್ರು, ಗಾಡಿ ಚಾಲೂ.”

ಗೊಂಚಲು ನನ್ನ ಮೊಣಕಾಲಿಗೆ ಬಡಿಯುತ್ತಿದ್ದುದು ನಿಜ. ಮಾವನ ಮನೆಗೆ ಹೊರಟಾಗ ಮೊಣಕಾಲು ನೋಯುವುದು ಸಹಜ ಅಂದುಕೊಂಡಿದ್ದೆ.

ನಾನು ಕಾರಿನಿಂದ ಇಳಿದು, ಇಡೀ ಓಣಿಗೆ ಕೇಳುವಂತೆ ಕೂಗಿದೆ. “ಕೇಳ್ರೆಪೋ! ಗಾಡಿ ಖರೇನ ಕೆಟ್ಟಿತ್ತು! ಅದೂ ನಮ್ಮ ಮನಿಯಾಕಿ ಚಾವಿ ಸಲುವಾಗಿ! ನಂದೇನೂ ತಪ್ಪಿಲ್ಲ!”

ಹೆಂಡತಿ ಕಣ್ಣೊರೆಸಿಕೊಂಡಳು. ಗೊಂಚಲನ್ನು ಕಾರಿನ ಚಾವಿಯಿಂದ ಬಿಡಿಸಿ, ಮಿಸ್ತ್ರಿಯ ಅಂಗೈ ಮೇಲಿಟ್ಟಳು. “ಏಳು ಚಾವಿ ಅದಾವ್ರಿ. ಏಳು ಚಾವಿಗಿ ಇಷ್ಟ ಭಾರ ಇರತೈತೇನ್ರಿ?”

ಮಿಸ್ತ್ರಿ ಎಣಿಸಿದ. ಏಳು ಚಾವಿಯ ನಡುವೆ ಅಂಗಡಿಯ ಅರ್ಧ ಕಿಲೋ ತೂಕದ ಕಲ್ಲು ತೂಗುತ್ತಿತ್ತು.

ಹೋದ ವರ್ಷ ಆಕೆ ಎಲ್ಲೆಂದರಲ್ಲಿ ಗೊಂಚಲು ಇಟ್ಟು ಮರೆಯುತ್ತಿದ್ದಳು. “ಬಿದ್ದರೆ ಸಪ್ಪಳಾದರೂ ಆಗಲಿ” ಎಂದು, ವೆಲ್ಡಿಂಗ್ ಅಂಗಡಿಯಲ್ಲಿ ಆ ಕಬ್ಬಿಣದ ಕಲ್ಲಿಗೆ ಕೊಂಡಿ ಹಚ್ಚಿಸಿ, ಚೇಷ್ಟೆಗಾಗಿ ಕಟ್ಟಿಕೊಟ್ಟವನು ನಾನೇ.

“ಮತ್ತ ಇದನ್ನ ತಗದ ಒಗೀಬಾರದೇನ್ರಿ ಅಕ್ಕಾರ?” ಎಂದ ಮಿಸ್ತ್ರಿ.

“ಹೆಂಗ ಒಗೀಲ್ರಿ? ಮದಿವ್ಯಾಗಿ ಇಪ್ಪತ್ತ ವರ್ಷದಾಗ ಇವರು ತಾವಾಗೇ ಕೊಟ್ಟಿದ್ದು ಇದೊಂದ ಐತಿ.”

ಮಿಸ್ತ್ರಿ ನಕ್ಕು ನಕ್ಕು ಕಟ್ಟೆಯ ಮೇಲೆ ಕುಸಿದ. ಕಾಗವಾಡಕ್ಕೆ ನಾವು ಎಲ್ಲರಿಗಿಂತ ಮೊದಲೇ ಮುಟ್ಟಿದೆವು. ಹೆಂಡತಿ ಹುಡುಗಿಯ ಉಡಿ ತುಂಬಿದಳು, ಆಮೇಲೆ ಈ ಕಥೆ ಹೇಳಿ ಬಂದ ಹೆಂಗಸರ ಕಿವಿಯನ್ನೂ ತುಂಬಿದಳು. ಈಗ ನಮ್ಮ ಮನೆಯಲ್ಲಿ ಹೊಸ ಕಾಯಿದೆ. ಕಾರಿನ ಒಂಟಿ ಚಾವಿ ನನ್ನ ಕಿಸೆಯಲ್ಲಿ, ಉಳಿದ ಏಳೂ ಆಕೆಯ ಹತ್ತಿರ. ಅಂಗಡಿಯ ಗಲ್ಲಾದ ಚಾವಿಯೂ ಆ ಏಳರಲ್ಲೇ ಇದೆ. ಅದಕ್ಕ ಹೇಳ್ತೇನ್ರಿ, ಈ ಚಹಾದ ರೊಕ್ಕ ನೀವ ಕೊಟ್ಟಬಿಡ್ರಿ.