ಕತ್ತಲೆ ಹೊಂಡದ ಕೀಲಿಕೈ

ನೀರಿರುವಲ್ಲಿ ಶಿವನಿರುತ್ತಾನೆ ಎಂದು ನಮ್ಮ ತಂದೆಯವರು ಹೇಳುತ್ತಿದ್ದರು. ನೀರಿರುವಲ್ಲಿ ಜನ ಸೇರುತ್ತಾರೆ, ಜನ ಸೇರಿದಲ್ಲಿ ಒಂದಲ್ಲ ಒಂದು ನಗೆಪಾಟಲು ತಪ್ಪದು ಎಂಬುದನ್ನು ಮಾತ್ರ ಅವರು ಹೇಳಲಿಲ್ಲ. ಅದನ್ನು ನಾನೇ ಅನುಭವಿಸಿ ತಿಳಿಯಲಿ ಎಂದು ಬಿಟ್ಟುಹೋದರು.

ಹಂಪಿಯ ಹಾಳು ಗೋಡೆಗಳ ನಡುವೆ, ಬಾಳೆತೋಟ ದಾಟಿದರೆ, ನೆಲದೊಳಗೆ ಒಂದು ಕಲ್ಲಿನ ಹೊಂಡವಿದೆ. ಮೇಲೆ ಕಾಣುವುದು ಒಂದು ಬಾಯಿ ಮಾತ್ರ. ಇಪ್ಪತ್ತೊಂದು ಮೆಟ್ಟಿಲು ಇಳಿದರೆ ಸಾಲುಗಂಬಗಳು, ಅವುಗಳ ನಡುವೆ ಅಲುಗದೆ ನಿಂತ ತಣ್ಣನೆಯ ನೀರು. ಅರಸರ ಕಾಲದ್ದು. ಊರವರು ಕತ್ತಲೆ ಹೊಂಡ ಅನ್ನುತ್ತಾರೆ. ಬಾಯಿಯ ಪಕ್ಕದಲ್ಲೇ ಪುಟ್ಟ ಈಶ್ವರನ ಗುಡಿ. ಪೂಜೆ ನಮ್ಮ ಮನೆತನದ್ದು. ಬೆಳಿಗ್ಗೆ ಆ ಹೊಂಡದ ನೀರು ತಂದು ಸ್ವಾಮಿಗೆ ಅಭಿಷೇಕ ಮಾಡುವುದು, ಆಮೇಲೆ ನೋಡಲು ಬಂದವರನ್ನು ದೀಪ ಹಿಡಿದು ಒಳಗೆ ಕರೆದೊಯ್ಯುವುದು, ಇಷ್ಟೇ ನನ್ನ ಬದುಕು.

ಎಲ್ಲ ಚೆನ್ನಾಗಿತ್ತು, ಕಂಪ್ಲಿಯಿಂದ ಒಬ್ಬರು ಬಂದು ಸೇರುವ ತನಕ. ಜರಿ ರುಮಾಲು, ಬೆಳ್ಳಿ ಹಿಡಿಯ ಕೋಲು, ನಾಲಿಗೆಯ ತುದಿಯಲ್ಲಿ ನಾಲ್ಕು ಇಂಗ್ಲಿಷ್ ಮಾತು. ಅವರೂ ಬಂದವರಿಗೆ ಹೊಂಡ ತೋರಿಸತೊಡಗಿದರು. ಅದೇ ಹೊತ್ತಿಗೆ ಇನ್ನೊಂದು ಸುದ್ದಿ ಬಂತು. ದನ ಬೀಳುತ್ತವೆಂದು ಸರಕಾರದವರು ಹೊಂಡದ ಬಾಯಿಗೆ ಕಬ್ಬಿಣದ ಬಾಗಿಲು ಹಾಕಿಸಿ, ಅದರ ಕೀಲಿಕೈಯನ್ನು ಒಬ್ಬರೇ ಒಬ್ಬರ ಕೈಗೆ ಕೊಡುತ್ತಾರಂತೆ. ಅದು ಕಂಪ್ಲಿಯವರ ಪಾಲಾದರೆ, ನಾಳೆ ನನ್ನ ದೇವರ ತಂಬಿಗೆ ನೀರಿಗೂ ನಾನು ಅವರ ಮನೆ ಬಾಗಿಲು ತಟ್ಟಬೇಕು. ಹಾಗಾಗಿ ಕೀಲಿಕೈ ನನಗೆ ಬೇಕಿತ್ತು. ನನಗೆ ಬೇಕಿತ್ತು ಅನ್ನುವುದಕ್ಕಿಂತ ಅವರಿಗೆ ಸಿಗಬಾರದಿತ್ತು. ವಿರೂಪಾಕ್ಷನ ಊರಿನಲ್ಲಿ ಕೂತು ಸುಳ್ಳು ಬರೆಯಬಾರದು. ಮೂರು ಬೆರಳು ವಿಭೂತಿಯ ಕೆಳಗೆ ನನ್ನ ಹಣೆ ಕಾಯುತ್ತಿತ್ತು.

೧. ಕನ್ನಡಿ

ನನ್ನದು ಎಣ್ಣೆ ದೀಪ. ಅದರ ಬೆಳಕಿನಲ್ಲಿ ಒಂದು ಕಂಬ ಕಾಣುತ್ತಿತ್ತು. ಎರಡನೆಯದನ್ನು ಭಕ್ತಿಯಿಂದ ನೋಡಬೇಕಿತ್ತು.

ಕಂಪ್ಲಿಯವರು ಮೊಳದುದ್ದದ ಕನ್ನಡಿ ತಂದರು. ಮೇಲೆ ಬಿಸಿಲಿಗೆ ಹಿಡಿದು ಬೆಳಕನ್ನು ಒಳಕ್ಕೆ ಎಸೆದರೆ ಕೊನೆಯ ಕಂಬದ ಮೇಲೆ ಕೆತ್ತಿದ ಹಂಸವೂ ಜಗ್ಗನೆ ಎದ್ದು ಕಾಣುತ್ತಿತ್ತು. ಜನ "ಆಹಾ!" ಅನ್ನುತ್ತಿದ್ದರು. ನನ್ನ ದೀಪಕ್ಕೆ ಯಾರೂ ಆಹಾ ಅಂದದ್ದಿಲ್ಲ. "ಅಯ್ನೋರೆ, ಎಣ್ಣಿ ಸೋರಾಕತ್ತೈತಿ" ಅಂದದ್ದುಂಟು.

ಒಂದು ದಿನ ಅಭಿಷೇಕ ಮಾಡುತ್ತ ಬೇಡಿಕೊಂಡೆ. "ಸ್ವಾಮೀ, ಯಾರಿಗೂ ಕೇಡು ಬ್ಯಾಡ. ಆ ಕನ್ನಡಿಗೆ ಅಡ್ಡ ಆಗೋವಷ್ಟು ಮೋಡ ಸಾಕು."

ಶಿವ ಕರುಣಾಮಯಿ. ಕೇಳಿದ್ದಕ್ಕಿಂತ ಹೆಚ್ಚೇ ಕೊಟ್ಟ. ಎಂಟು ದಿನ ಹಗಲಿರುಳು ಮಳೆ. ಹೊಸಪೇಟೆಯಿಂದ ಒಂದು ಗಾಡಿಯೂ ಬರಲಿಲ್ಲ. ಕಂಪ್ಲಿಯವರೂ ನಾನೂ ಗುಡಿಯ ಒಂದೇ ಕಂಬಕ್ಕೆ ಎರಡು ಕಡೆಯಿಂದ ಒರಗಿ, ಒಬ್ಬರ ಮುಖ ಒಬ್ಬರು ನೋಡದೆ ಕೂತೆವು.

ಮನೆಯಲ್ಲಿ ನನ್ನಾಕೆಗೆ ವಿಷಯ ತಿಳಿಯಿತು.

"ಮೋಡ ಕೇಳಿದ್ರಾ? ನೀವಾ?"

"ಒಂದೀಟು ಕೇಳಿದ್ದೆ."

"ಇನ್ನ ಮ್ಯಾಲೆ ದೇವರ ಹತ್ರ ಏನಾರ ಬೇಡೋ ಮುಂದ ನನ್ನ ಕೇಳ್ರಿ. ನಿಮ್ಮ ಭಕ್ತಿ ದೆಸಿಂದ ಎಂಟು ದಿನ ಆತು, ನನ್ನ ಒಂದು ಸೀರಿ ಒಣಗಿಲ್ಲ."

೨. ನಿಂಬೆಹಣ್ಣು

ಹೊಂಡ ಎಷ್ಟು ಆಳ ಎಂದು ಎಲ್ಲರೂ ಕೇಳುತ್ತಾರೆ. ನಾನು ಬಿದಿರು ಇಳಿಬಿಟ್ಟು ನೋಡಿದ್ದೆ. "ಎದಿಮಟ್ಟ" ಅನ್ನುತ್ತಿದ್ದೆ. ಕೇಳಿದವರ ಮುಖ ಬಾಡುತ್ತಿತ್ತು.

ಕಂಪ್ಲಿಯವರು ಆಳದ ಮಾತೇ ಎತ್ತುತ್ತಿರಲಿಲ್ಲ. "ಇಲ್ಲಿ ಒಂದು ನಿಂಬಿಹಣ್ಣು ಬಿಡ್ರಿ. ಮೂರನೇ ದಿನಕ್ಕ ಹೊಳಿಯೊಳಗ ತೇಲತೈತಿ. ಅರಸರ ಗುಪ್ತದಾರಿ!" ಅನ್ನುತ್ತಿದ್ದರು. ಕೇಳಿದವರ ಕಣ್ಣು ನಿಂಬೆಹಣ್ಣಿನಷ್ಟಾಗುತ್ತಿತ್ತು.

ಸಂಡೂರಿನಿಂದ ಬಂದ ಹಿರಿಯರೊಬ್ಬರು ಛತ್ರದಲ್ಲಿ ನಾಲ್ಕು ದಿನ ಉಳಿದಿದ್ದರು. ಸುಳ್ಳು ಬಯಲಿಗೆ ತರಲು ಇದೇ ಸಮಯ ಎಂದುಕೊಂಡೆ. ಅವರ ಎದುರೇ ಒಂದು ನಿಂಬೆಹಣ್ಣಿಗೆ ವಿಭೂತಿ ಬಳಿದು, ಕುಂಕುಮ ಇಟ್ಟು, ಗುರುತು ಮಾಡಿ ನೀರಿಗೆ ಬಿಟ್ಟೆ. ಮೂರನೆಯ ದಿನ ಹಿರಿಯರನ್ನೂ ಕಂಪ್ಲಿಯವರನ್ನೂ ಕರೆದುಕೊಂಡು ಇಳಿದೆ. ನನ್ನ ನಿಂಬೆಹಣ್ಣು ಬಿಟ್ಟಲ್ಲೇ ಬಾತುಕೋಳಿಯ ಹಾಗೆ ನೆಮ್ಮದಿಯಾಗಿ ಕೂತಿತ್ತು.

"ನೋಡಿದ್ರೆಲ್ಲ?" ಅಂದೆ. ಎದೆ ಹಗುರಾಯಿತು.

"ಹೊಳಿ ಕಡೆ ಒಂದೀಟು ಬರ್ರಿ" ಅಂದರು ಕಂಪ್ಲಿಯವರು, ಸ್ವಲ್ಪವೂ ಬೆವರದೆ.

ಹೊಳೆಯ ದಂಡೆಯಲ್ಲಿ ಮಿಂದವರೆಲ್ಲ ಗಂಗೆಗೆ ಪೂಜೆ ಮಾಡಿ ನಿಂಬೆಹಣ್ಣು ಬಿಡುವುದು ಆದಿಯಿಂದ ನಡೆದು ಬಂದದ್ದು. ಹೊಟ್ಟೆಕಿಚ್ಚಿನ ಹೊಗೆಯಲ್ಲಿ ನನಗೆ ಅದೇ ಮರೆತಿತ್ತು. ಬಂಡೆಗಳ ಸಂದಿಯಲ್ಲಿ ಹತ್ತಾರು ತೇಲುತ್ತಿದ್ದವು. ಹಿರಿಯರು ಒಂದನ್ನು ಎತ್ತಿ ಕೂಗಿದರು. "ಅಯ್ನೋರೆ! ಇಭೂತಿ ಐತಿ! ಕುಂಕುಮ ಐತಿ!"

"ಅಲ್ರೀ, ನಾ ಬಿಟ್ಟದ್ದು ಇನ್ನೂ ಹೊಂಡದೊಳಗ ಐತಲ್ರೀ! ಈಗ ತಾನ ತೋರಿಸಿದ್ನೆಲ್ಲ!"

ಹಿರಿಯರು ಆ ನಿಂಬೆಹಣ್ಣನ್ನು ಕಣ್ಣಿಗೊತ್ತಿಕೊಂಡರು. "ಹೌದಲ್ಲ! ಹೊಂಡದಾಗೂ ಐತಿ, ಹೊಳಿಯಾಗೂ ಐತಿ. ಇವರು ಬರೇ ಅರ್ಧ ಮಹಿಮಾ ಹೇಳಿದ್ರು ನೋಡ್ರಿ. ಪೂರಾ ತೋರಿಸಿದವರು ನೀವು!"

೩. ಏಳು ಸಲದ ಕೂಗು

ಹೊಂಡದಲ್ಲಿ ಒಮ್ಮೆ ಕೂಗಿದರೆ ದನಿ ಕಂಬದಿಂದ ಕಂಬಕ್ಕೆ ಹಾರಿ ಏಳು ಸಲ ಮರಳುತ್ತದೆ. ನಾನು ಜನರಿಂದ "ಶಿವಾ" ಅನ್ನಿಸುತ್ತಿದ್ದೆ. ಒಂದು ಪುಣ್ಯಕ್ಕೆ ಏಳು ಪುಣ್ಯ. ಇದರಲ್ಲಾದರೂ ಕಂಪ್ಲಿಯವರು ನನ್ನನ್ನು ಮೀರಲಾರರು ಎಂದು ತಿಳಿದಿದ್ದೆ.

ಹೊಸಪೇಟೆಯ ಸಾವ್ಕಾರರೊಬ್ಬರು ಹೆಂಡತಿಯೊಡನೆ ಬಂದರು. ಕಂಪ್ಲಿಯವರು ಗಂಟಲು ಸರಿಮಾಡಿಕೊಂಡರು. "ಇಲ್ಲಿ ಹೆಂಡತಿ ಗಂಡನ ಹೆಸರು ಹಿಡಿದು ಕೂಗಿದ್ರ, ಏಳು ಸಲ ಮರಳಿದ್ದಕ್ಕ ಗಂಡಗ ಏಳು ವರ್ಷ ಆಯುಷ್ಯ."

ಸಾವ್ಕಾರರಿಗೆ ಆಯುಷ್ಯ ಭಾಳ ಬೇಕಾಗಿತ್ತು. "ಕೂಗು" ಅಂದರು.

ಆಕೆ ನಾಲಿಗೆ ಕಚ್ಚಿಕೊಂಡರು. "ಅಯ್ಯ, ಗಂಡನ ಹೆಸರು ಹೇಳಬಾರದ್ರೀ!"

"ನಾನ ಹೇಳಾಕತ್ತೀನೆಲ್ಲ, ಕೂಗು!"

"ನನ್ನ ಮದುವಿಯಾಗಿ ಮೂವತ್ತು ವರ್ಷ ಆತು, ಒಂದು ದಿನ ಹೇಳಿಲ್ಲ. ಈ ಕತ್ತಲಾಗ ಹೇಳ್ಲಾ?"

"ನಾ ಸಾಯ್ಲಿ ಅಂತೀಯೇನು ಮತ್ತ?"

ಆ ತಾಯಿಗೆ ಅಳು ಬಂತು. ಕೊನೆಗೆ ಕಣ್ಣು ಮುಚ್ಚಿ, ಮನೆಯಲ್ಲಿ ದಿನಾ ಕರೆಯುವ ಹಾಗೆಯೇ ಜೋರಾಗಿ ಕೂಗಿದರು. "ಏನ್ರೀ!"

ಏನ್ರೀ, ಏನ್ರೀ, ಏನ್ರೀ ಎಂದು ಕಂಬ ಕಂಬವೂ ಕರೆಯಿತು. ಸಾವ್ಕಾರರು "ಆಂ?" ಅಂದರು. ಕಂಪ್ಲಿಯವರು ಬೆಚ್ಚಿ "ಬಂದೆ" ಅಂದರು. ಮೇಲಿದ್ದ ಗಾಡಿಯವನೂ "ಏನು, ಏನಾತು?" ಅಂದ. ನಾನು ತಂಬಿಗೆ ಕೆಳಗಿಟ್ಟು "ಓ" ಅಂದೆ. ಏಳು ವರ್ಷ ನಾಲ್ವರಲ್ಲಿ ಯಾರ ಪಾಲಾಯಿತೋ ಶಿವನೇ ಬಲ್ಲ.

ಸಾವ್ಕಾರರು ಹೋಗುವಾಗ ಕಂಪ್ಲಿಯವರಿಗೆ ಶಾಲು ಹೊದಿಸಿದರು, ನನಗೆ ಒಂದು ಬಾಳೆಹಣ್ಣು ಕೊಟ್ಟರು. ಆ ಉರಿಯಲ್ಲೇ ಮನೆಗೆ ಬಂದು ನನ್ನಾಕೆಗೆ ಎಲ್ಲ ಹೇಳಿದೆ. ಶಾಲಿನ ಅನ್ಯಾಯ ಆಕೆಯ ಕಿವಿಗೇ ಬೀಳಲಿಲ್ಲ.

"ಆಕಿ ಕರದ್ರ ನೀವ್ಯಾಕ ಓ ಅಂದ್ರಿ?"

೪. ಕೊನೆಗೆ ಹೊರಗೆ ಬಂದವರು

ಕಬ್ಬಿಣದ ಬಾಗಿಲು ಬಂತು. ಕೀಲಿಕೈ ಯಾರಿಗೆಂದು ತೀರ್ಮಾನ ಮಾಡಲು ಬಳ್ಳಾರಿಯಿಂದ ಬಿಳಿ ದೊರೆಯೊಬ್ಬರು ಮೋಟಾರಿನಲ್ಲಿ ಬಂದರು. ಜೊತೆಗೆ, ಅವರ ಮಾತು ನಮಗೆ, ನಮ್ಮ ಮಾತು ಅವರಿಗೆ ತಿಳಿಸುವ ಒಬ್ಬ ಜವಾನ.

ದೊರೆ ಕೆಳಗಿಳಿದು ಎಲ್ಲ ನೋಡಿದರು. ನಾವಿಬ್ಬರೂ ಎಡಕ್ಕೊಬ್ಬರು ಬಲಕ್ಕೊಬ್ಬರು ನಿಂತು, ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ಶುರು ಮಾಡಿದೆವು. ದೊರೆಗೆ ಸಾಕಾಯಿತು. ಕಮಲಾಪುರದ ಬಂಗಲೆಯಲ್ಲಿ ಊಟ ಮುಗಿಸಿ ಬಂದು ಹೇಳುತ್ತೇನೆ ಎಂದು ಮೆಟ್ಟಿಲು ಹತ್ತಿದರು. ಹಿಂದೆ ಜವಾನ.

ಹೊರಡುವಾಗ ಮನೆಗೆ ಬಂದವರನ್ನು ಮುಂದೆ ಬಿಟ್ಟು, ಕೊನೆಗೆ ಹೊಸಿಲು ದಾಟುವವನೇ ಮನೆಯ ಯಜಮಾನ. ಇದು ನಮ್ಮ ಕಡೆ ಎಳೆಯ ಕೂಸಿಗೂ ಗೊತ್ತು. ನಾನು ಕಂಪ್ಲಿಯವರಿಗೆ ದಾರಿ ಬಿಟ್ಟು ಹೇಳಿದೆ. "ನೀವು ನಡೀರಿ."

"ಛೇ ಛೇ, ನೀವು ನಡೀರಿ ಅಯ್ನೋರೆ. ದೊಡ್ಡವರು."

"ನೀವು ದೂರದಿಂದ ಬಂದವರು. ನೀವು ಮುಂದ."

"ನಿಮ್ಮನ್ನ ಬಿಟ್ಟು ನಾ ಹೆಂಗ ಹತ್ತಲಿ?"

ಹೀಗೆ ಮರ್ಯಾದೆ ಮಾಡುತ್ತಿದ್ದಂತೆಯೇ ಮೇಲೆ ಟಣ್ ಎಂದಿತು. ಎಲ್ಲರೂ ಹೊರಗಿದ್ದಾರೆಂದು ತಿಳಿದು ಜವಾನ ಕೀಲಿ ಹಾಕಿದ್ದ. ಮೋಟಾರಿನ ಸದ್ದು ದೂರವಾಯಿತು. ಬಾಗಿಲ ತನಕ ಓಡಿ ಕೂಗಿದೆವು, ಕೂಗಿ ದಣಿದು ಮತ್ತೆ ಕೆಳಗೆ ಹೋಗಿ ಕಂಬಕ್ಕೆ ಒರಗಿದೆವು. ನಾನು ಪಂಚಾಕ್ಷರಿ ಹಿಡಿದೆ. ದನಿ ಏಳೇಳು ಸಲ ತಿರುಗಿ ಹೊಂಡವೆಲ್ಲ ಗುಂಯ್ ಅನ್ನತೊಡಗಿತು.

ಹೊತ್ತು ನೆತ್ತಿಯಿಂದ ಜಾರಿದ ಮೇಲೆ ಬಾಗಿಲಲ್ಲಿ ಬಳೆಯ ಸದ್ದಾಯಿತು. ನನ್ನಾಕೆ, ಬುತ್ತಿ ತಂದಿದ್ದಳು! ಆದರೆ ಕೀಲಿ ಹಾಕಿದ ಹೊಂಡದಿಂದ ಬರುತ್ತಿದ್ದ ಗುಂಯ್ಗುಡುವ ಶಿವನಾಮ ಕೇಳಿ ಆಕೆ ಬುತ್ತಿ ಕೆಳಗಿಟ್ಟು ಅಡ್ಡಬಿದ್ದುಬಿಟ್ಟಳು.

"ಲೇ, ನಾನು!" ಅಂದೆ. ಕಂಬಗಳು ನಾನು, ನಾನು, ನಾನು ಎಂದು ಗುಡುಗಿದವು.

"ಗೊತ್ತಾತು ತಂದಿ, ಗೊತ್ತಾತು" ಅಂದಳು ಆಕೆ, ಗಲ್ಲ ಗಲ್ಲ ಬಡಿದುಕೊಂಡು. "ಇಷ್ಟು ವರ್ಷಕ್ಕ ಮಾತಾಡಿದೆಲ್ಲ! ನನಗ ಏನೂ ಬ್ಯಾಡ. ನಮ್ಮನಿಯವರಿಗೆ ಬುದ್ಧಿ ಕೊಡು. ಭಾಳ ಒಳ್ಳೇವರು. ಆದ್ರ ಆ ಕಂಪ್ಲಿಯವರನ್ನ ಕಂಡ್ರ ಹೊಟ್ಟಿ ಉರಕೋತಾರ. ಅವರಿಗೆ ಇಂಗ್ಲಿಷು ಬರತೈತಿ ಅಂತ ದಿನಾ ಮುಂಜಾನೆ ಕೊಟ್ಟಿಗಿಗೆ ಹೋಗಿ ಎಮ್ಮಿಗೆ ಗುಡ್ ಮಾರ್ನಿಂಗ್ ಅಂತಾರ. ಎಮ್ಮಿ ಹೆದರಿ ಹಾಲು ಕಡಿಮಿ ಮಾಡೈತಿ, ತಂದಿ!"

ಕಂಪ್ಲಿಯವರು ಶಾಲಿನ ಸೆರಗು ಬಾಯಿಗೆ ತುರುಕಿಕೊಂಡರು. ಅವರ ಭುಜ ಕುಣಿಯುತ್ತಿತ್ತು. ನೀರೊಳಗೆ ಮುಳುಗಿಬಿಡೋಣ ಅನ್ನಿಸಿತು. ಎದೆಮಟ್ಟ ಮಾತ್ರ ಇತ್ತು.

ಅಷ್ಟರಲ್ಲಿ ಮೋಟಾರು ಮರಳಿತು. ಅದರ ಸದ್ದು ಕೇಳಿ ನಾವಿಬ್ಬರೂ ಬಾಗಿಲಿಗೆ ಓಡಿ ಸರಳು ಹಿಡಿದು ನಿಂತೆವು. ನನ್ನಾಕೆ ನಮ್ಮನ್ನು ಕಂಡು ಬಾಯಿ ತೆರೆದವಳು ಮುಚ್ಚಲಿಲ್ಲ. ದೊರೆ ಜವಾನನಿಂದ ಕೀಲಿಕೈ ಇಸಿದುಕೊಂಡರು. ಸರಳುಗಳ ಸಂದಿಯಿಂದ ಎರಡು ಕೈ ಒಟ್ಟಿಗೇ ಹೊರಬಂದವು. ಒಂದು ನನ್ನದು, ಒಂದು ಅವರದು.

ದೊರೆ ಎರಡೂ ಕೈ ನೋಡಿ, ನಕ್ಕು, ಏನೋ ಹೇಳಿ ಕೀಲಿಕೈಯನ್ನು ನನ್ನಾಕೆಯ ಅಂಗೈಯಲ್ಲಿಟ್ಟರು.

"ಕೀಲಿಕೈ ಇರಬೇಕಾದ್ದು ಕೀಲಿ ಹೊರಗ ಇರೋರ ಹತ್ರ ಅಂತ" ಎಂದ ಜವಾನ. "ಇನ್ನ ಮ್ಯಾಲೆ ನಿಮ್ಮದ ಉಸ್ತುವಾರಿ, ಅಮ್ಮಾರೆ."

ಆಕೆ ಅದನ್ನು ಕಣ್ಣಿಗೊತ್ತಿಕೊಂಡು ಕೀಲಿ ತೆಗೆದಳು. "ಬರ್ರಿ. ಯಾರು ಮೊದಲು?"

"ಅವರು ಬರ್ಲಿ" ಅಂದೆ ನಾನು.

"ಅಯ್ನೋರು ಬರ್ಲಿ" ಅಂದರು ಅವರು.

ಆಕೆ ನಮ್ಮಿಬ್ಬರನ್ನೂ ಒಂದು ಸಲ ನೋಡಿದಳು. ಬುತ್ತಿಯ ಗಂಟು ಬಿಚ್ಚಿ ಜವಾನನ ಕಡೆ ತಿರುಗಿದಳು. "ಕುಂದ್ರಪ್ಪ. ರೊಟ್ಟಿ, ಎಣ್ಣಿಗಾಯಿ ಐತಿ. ಇವರು ಬರೋದು ಕಾಣಂಗಿಲ್ಲ, ನೀನ ಉಣ್ಣು."

ಬದನೆಕಾಯಿಯ ವಾಸನೆ ಮೆಟ್ಟಿಲಿಗೆ ಇಳಿಯಿತು. ಬೆಳಗಿನಿಂದ ನನ್ನ ಹೊಟ್ಟೆಯಲ್ಲಿ ಇದ್ದದ್ದು ಒಂದು ಹನಿ ತೀರ್ಥ. ಕಾಲು ನನ್ನ ಮಾತು ಕೇಳಲಿಲ್ಲ. ಒಂದೇ ನೆಗೆತಕ್ಕೆ ಹೊರಗೆ ಬಂದು ಬುತ್ತಿಯ ಮುಂದೆ ಕೂತಿದ್ದೆ. ಮೊದಲ ತುತ್ತು ಬಾಯಿಗಿಟ್ಟ ಮೇಲೆಯೇ ತಪ್ಪು ಹೊಳೆದದ್ದು.

ತಿರುಗಿ ನೋಡಿದರೆ, ಕಂಪ್ಲಿಯವರು ಇನ್ನೂ ಹೊಸಿಲ ಒಳಗೇ ನಿಂತಿದ್ದರು. ಅವಸರವಿಲ್ಲದೆ ರುಮಾಲು ಸರಿಮಾಡಿಕೊಂಡು, ಎರಡೂ ಕೈ ಜೋಡಿಸಿ, ಮನೆಗೆ ಬಂದ ಬೀಗರನ್ನು ಸಾಗಹಾಕುವ ಹಾಗೆ ನನಗೆ ಹೇಳಿದರು.

"ಹೋಗಿ ಬರ್ರಿ, ಅಯ್ನೋರೆ. ಆಗಾಗ ಹಿಂಗ ಬರ್ಕೋತ ಇರ್ರಿ."